ಬ್ರಹ್ಮಗಿರಿಯ ಬಂಡೆ ಮತ್ತು ಮ್ಯಾಪ್‌ನ ಒಂದು ಚುಕ್ಕಿ

[ದೃಶ್ಯ: ನಂದಿಬೆಟ್ಟ, ಪಕ್ಕದಲ್ಲಿ ಬ್ರಹ್ಮಗಿರಿ]

2022ರ ಫೆಬ್ರವರಿ 20, ಭಾನುವಾರ. ಚಿಕ್ಕಬಳ್ಳಾಪುರ ಜಿಲ್ಲೆಯ ಬ್ರಹ್ಮಗಿರಿ ಹತ್ತುತ್ತಿದ್ದ 19 ವರ್ಷದ ವಿದ್ಯಾರ್ಥಿ ಜಾರಿ, ಸುಮಾರು 300 ಅಡಿ ಕೆಳಗೆ ಬಂಡೆಯ ಅಂಚಿನಲ್ಲಿ ಸಿಕ್ಕಿಕೊಂಡ. ಪುಣ್ಯಕ್ಕೆ ಫೋನ್ ಕೆಲಸ ಮಾಡುತ್ತಿತ್ತು. ಪೊಲೀಸರಿಗೆ ಲೊಕೇಶನ್ ಕಳಿಸಿದ.

ಎಸ್‌ಡಿಆರ್‌ಎಫ್, ಎನ್‌ಡಿಆರ್‌ಎಫ್ (ರಾಜ್ಯ ಮತ್ತು ರಾಷ್ಟ್ರೀಯ ವಿಪತ್ತು ಪರಿಹಾರ ಪಡೆಗಳ) ತಂಡಗಳು ಬಂದವು. ಆ ಕಡಿದಾದ ಬಂಡೆಯಲ್ಲಿ ಅವರಿಗೂ ಆಗಲಿಲ್ಲ. ಜಿಲ್ಲಾಡಳಿತ ಯಲಹಂಕದ ವಾಯುನೆಲೆಯ ನೆರವು ಕೇಳಿತು. ಎಂಐ-17 ಹೆಲಿಕಾಪ್ಟರ್ ಬಂತು. ಇಳಿಯಲು ಜಾಗ ಎಲ್ಲಿದೆ? ವಾಯುಪಡೆಯ ಒಬ್ಬರನ್ನು ಹಗ್ಗದಲ್ಲಿ ಇಳಿಸಿ ಹುಡುಗನನ್ನು ಮೇಲೆತ್ತಿದರು.

ಲೊಕೇಶನ್ ಇತ್ತಲ್ಲ, ಹೆಲಿಕಾಪ್ಟರ್ ನೇರ ಅಲ್ಲಿಗೇ ಹೋಯಿತಾ? ಇಲ್ಲ. ಸ್ಥಳೀಯ ಪೊಲೀಸರು ದಾರಿ ತೋರಿಸಿ, ಸಾಕಷ್ಟು ಹುಡುಕಿದ ಮೇಲೆಯೇ ಅವನು ಕಂಡಿದ್ದು.

[ಗ್ರಾಫಿಕ್: ಕಡಿದಾದ ಬಂಡೆ, ಮೇಲೆ ಒಬ್ಬ, ಕೆಳಗೆ ಒಬ್ಬ, ಮ್ಯಾಪ್‌ನಲ್ಲಿ ಒಂದೇ ಚುಕ್ಕಿ]

ಮ್ಯಾಪ್ ಚಪ್ಪಟೆ. ಬಂಡೆಯ ನೆತ್ತಿಯಲ್ಲಿ ನಿಂತವನಿಗೂ, ನೇರ ಕೆಳಗೆ 300 ಅಡಿಯಲ್ಲಿ ಕೂತವನಿಗೂ ಒಂದೇ ಚುಕ್ಕಿ. ಅದಕ್ಕೇ ಬೆಟ್ಟದ ಕೆಲಸಕ್ಕೆ ಎತ್ತರದ ಗೆರೆಗಳಿರುವ, ಅಂದರೆ ಒಂದೇ ಎತ್ತರದ ಜಾಗಗಳನ್ನು ಗೆರೆಯಿಂದ ಜೋಡಿಸಿದ ಮ್ಯಾಪ್ ಬೇಕು. ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಜಾಗ ಬಹಳ ಕಡಿದು ಎಂದರ್ಥ.

ಈಗ ತುರ್ತು ಸಹಾಯದ ನಂಬರ್ 112ಕ್ಕೆ ಬರೋಣ. ಕರೆ ಕಂಟ್ರೋಲ್ ರೂಮ್‌ಗೆ ಹೋಗುತ್ತದೆ. ಯಾವ ಗಾಡಿ ಹತ್ತಿರ ಇದೆ ಎಂದು ಅಲ್ಲಿನ ಪರದೆಯ ಮ್ಯಾಪ್ ತೋರಿಸುತ್ತದೆ. ಗಾಡಿಯೊಳಗಿನ ಪರದೆಗೂ ಅದೇ ವಿವರ ಹೋಗುತ್ತದೆ. ಎಲ್ಲ ಸರಿ. ಆದರೆ ಗುಡಿಬಂಡೆ ಕಡೆಯ ಹೊಲದಿಂದ ಒಬ್ಬರು "ಕೆರೆ ಏರಿ ದಾಟಿ, ಅರಳಿಕಟ್ಟೆ ಹಿಂದೆ" ಅಂದರೆ? ಊರಿನವರಿಗೆ ಅದಕ್ಕಿಂತ ಒಳ್ಳೆ ವಿಳಾಸ ಇಲ್ಲ. ಹೊರಗಿನಿಂದ ಬಂದ ತಂಡಕ್ಕೆ ಯಾವ ಕೆರೆ, ಯಾವ ಕಟ್ಟೆ?

ಆದ್ದರಿಂದ ಎಲ್ಲ ತಂಡಗಳೂ ಅಕ್ಷಾಂಶ, ರೇಖಾಂಶದ ಅಂಕಿಗಳಲ್ಲೇ ಮಾತಾಡಬೇಕು. ಎಡವಟ್ಟಾಗುವುದೂ ಇಲ್ಲೇ.

[ತೆರೆಯ ಮೇಲೆ: 13.3700 ಮತ್ತು 13° 22′ 12″]

ಇವೆರಡೂ ನಂದಿಬೆಟ್ಟದ ಒಂದೇ ಅಕ್ಷಾಂಶ, ಬರೆಯುವ ರೀತಿ ಮಾತ್ರ ಬೇರೆ: ಮೊದಲನೆಯದು ದಶಾಂಶ, ಎರಡನೆಯದು ಡಿಗ್ರಿ, ನಿಮಿಷ, ಸೆಕೆಂಡ್. ಎರಡನೆಯದನ್ನು ವೈರ್‌ಲೆಸ್‌ನಲ್ಲಿ "ಹದಿಮೂರು, ಇಪ್ಪತ್ತೆರಡು, ಹನ್ನೆರಡು" ಎಂದು ಓದಿದಿರಿ ಅಂದುಕೊಳ್ಳಿ. ಆ ಕಡೆಯವರು 13.2212 ಎಂದು ಬರೆದುಕೊಂಡರೆ, ಚುಕ್ಕಿ ಸುಮಾರು 16 ಕಿಲೋಮೀಟರ್ ದಕ್ಷಿಣಕ್ಕೆ ಜಿಗಿಯುತ್ತದೆ. ಹುಡುಗ ನಂದಿಬೆಟ್ಟದಲ್ಲಿ, ಆಂಬುಲೆನ್ಸ್ ದೇವನಹಳ್ಳಿಯ ಹತ್ತಿರ! ಯಾವ ರೀತಿ ಎಂಬುದನ್ನು ತಂಡಗಳು ಮೊದಲೇ ಮಾತಾಡಿಕೊಳ್ಳಬೇಕು. ನನ್ನ ಮತ ದಶಾಂಶಕ್ಕೆ. ಹೇಳುವುದು ಸುಲಭ, ಗೊಂದಲ ಕಡಿಮೆ. ಬಿಂದುವಿನ ನಂತರ ಎರಡೇ ಅಂಕಿ ಹೇಳಿದರೆ ಒಂದು ಕಿಲೋಮೀಟರ್‌ನಷ್ಟು ಆಚೀಚೆ ಆಗಬಹುದು. ನಾಲ್ಕು ಹೇಳಿದರೆ ಹನ್ನೊಂದು ಮೀಟರ್ ಆಸುಪಾಸು.

ನಮ್ಮಲ್ಲಿ ಇನ್ನೊಂದು ಅನುಕೂಲ ಇದೆ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಹೆಲಿಕಾಪ್ಟರ್‌ಗೆ ಅದು ಸುಮ್ನೆ. ಆದರೆ ಊರಿನ ಗ್ರಾಮ ಆಡಳಿತಾಧಿಕಾರಿಗೆ (ಮೊದಲು ಗ್ರಾಮಲೆಕ್ಕಿಗರು ಎನ್ನುತ್ತಿದ್ದರು) ಆ ನಂಬರ್ ಸಾಕು, ಜಮೀನಿಗೆ ಗಾಡಿ ಹೋಗುವ ದಾರಿ ಇದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಬೆಂಕಿ ಆರಿಸುವ ಗಾಡಿಯವರಿಗೆ ಬೇಕಾದದ್ದು ಅದೇ ಅಲ್ವಾ?

[ಮೊಬೈಲ್ ಪರದೆ]

ನೀವು ಮಾಡಬೇಕಾದ್ದು ಇಷ್ಟು. ಗೂಗಲ್ ಮ್ಯಾಪ್ಸ್‌ನಲ್ಲಿ ನೀಲಿ ಚುಕ್ಕಿಯ ಮೇಲೆ ಬೆರಳು ಒತ್ತಿ ಹಿಡಿಯಿರಿ, ಅಂಕಿಗಳು ಬರುತ್ತವೆ. ಜಿಪಿಎಸ್‌ಗೆ ಇಂಟರ್‌ನೆಟ್ ಬೇಡ. ಒಂದೊಂದೇ ಅಂಕಿ ಓದಿ, ಕೇಳಿಸಿಕೊಂಡವರಿಂದ ವಾಪಸ್ ಓದಿಸಿ. ಬಂಡೆಯ ಮೇಲಿದ್ದೀರಾ, ಕೆಳಗಿದ್ದೀರಾ ಅನ್ನುವುದನ್ನೂ ಬಾಯಿಬಿಟ್ಟು ಹೇಳಿ. ಆಮೇಲೆ ವಿಡಿಯೋ ಮಾಡುತ್ತಾ ಕೂರಬೇಡಿ. ಕಂಟ್ರೋಲ್ ರೂಮ್‌ನಿಂದ ವಾಪಸ್ ಕರೆ ಬಂದಾಗ ಬ್ಯಾಟರಿ ಇರಬೇಕು.