ಉಪ್ಪು, ಬಣ್ಣ, ನೀರು: ಕಛ್‌ನ ಚಳಿಗಾಲ

ಸಭೆಯಲ್ಲಿರುವ ಹಿರಿಯರೆ, ಗೆಳೆಯರೆ,

ಗುಜರಾತಿನ ಕಛ್ ಜಿಲ್ಲೆಯ ಚಳಿಗಾಲದ ಉತ್ಸವಗಳನ್ನೂ ಅಲ್ಲಿನ ಕರಕುಶಲ ಕಸುಬುಗಳನ್ನೂ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿದಾಗ, ಮಾತನ್ನು ಮಳೆಗಾಲದಿಂದ ಆರಂಭಿಸಲು ಬಿಡುವುದಾದರೆ ಬರುತ್ತೇನೆ ಎಂದು ಹೇಳಿದ್ದೆ. ಅದಕ್ಕೆ ಕಾರಣವಿದೆ. ಕಛ್ ಜನರ ಹೊಸ ವರ್ಷ ಬರುವುದೇ ಆಷಾಢ ಶುದ್ಧ ಬಿದಿಗೆಯಂದು, ಅಂದರೆ ಮುಂಗಾರಿನ ಮೋಡಕ್ಕಾಗಿ ಕತ್ತೆತ್ತಿ ಕಾಯುವ ದಿನಗಳಲ್ಲಿ. ಆ ಹಬ್ಬಕ್ಕೆ ಅವರು ಆಷಾಢಿ ಬೀಜ್ ಎನ್ನುತ್ತಾರೆ. ಜಿಲ್ಲಾ ಕೇಂದ್ರವಾದ ಭುಜ್ ಪಟ್ಟಣದ ನಡುವೆ ಹಮೀರ್‌ಸರ್ ಎಂಬ ಕೆರೆಯಿದೆ. ಮಳೆ ಕೈಹಿಡಿದು ಆ ಕೆರೆ ಕೋಡಿ ಬಿದ್ದ ವರ್ಷ ಊರಿಗೆ ರಜೆ ಸಾರುತ್ತಾರೆ, ತುಂಬಿದ ನೀರಿಗೆ ಪೂಜೆ ನಡೆಯುತ್ತದೆ, ಊರಿಗೆ ಊರೇ ಕೋಡಿ ನೋಡಲು ದಂಡೆಯಲ್ಲಿ ನೆರೆಯುತ್ತದೆ. ತುಂಬಿದ ಕೆರೆಗೆ ಬಾಗಿನ ಕೊಡುವ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಳಿಗಾಲದಲ್ಲಿ ಅಲ್ಲಿಗೆ ಹೋಗುವ ಪ್ರವಾಸಿಗೆ ಮಾತ್ರ ಈ ನೀರು ಕಾಣುವುದಿಲ್ಲ. ಅವನಿಗೆ ಬಿಳಿಯ ಬಯಲು, ಡೇರೆಗಳ ಸಾಲು, ಅಚ್ಚಿನ ಬಟ್ಟೆ, ಕನ್ನಡಿ ಕೂರಿಸಿದ ಕಸೂತಿ, ರಾತ್ರಿಯ ಹಾಡು ಇಷ್ಟು ಕಂಡಿರುತ್ತದೆ. ಇವೆಲ್ಲವೂ ನೀರು ಬಂದು ಹೋದದ್ದರ, ಬಾರದೆ ಉಳಿದದ್ದರ ಅಥವಾ ದಾರಿ ತಪ್ಪಿದ್ದರ ಗುರುತುಗಳು ಎಂಬುದನ್ನು ಒಂದೆರಡು ಉದಾಹರಣೆಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ ತೋರಿಸುವುದಷ್ಟೇ ಇಂದಿನ ನನ್ನ ಉದ್ದೇಶ.

ಮೊದಲು ಆ ಬಿಳಿಯ ಬಯಲು. ಕಛ್ 45,674 ಚದರ ಕಿಲೋಮೀಟರ್ ವಿಸ್ತಾರದ ಜಿಲ್ಲೆ, ದೇಶದಲ್ಲೇ ಅತಿ ದೊಡ್ಡದು. ನಮ್ಮ ಬೆಳಗಾವಿಯಂಥ ಮೂರು ಜಿಲ್ಲೆಗಳನ್ನು ಅದರೊಳಗೆ ಇಟ್ಟರೂ ಜಾಗ ಮಿಗುತ್ತದೆ. ಮರುಭೂಮಿ ಎಂದೊಡನೆ ನಮ್ಮ ಕಣ್ಣಮುಂದೆ ಬರುವ ಮರಳದಿಬ್ಬಗಳು ಜೈಸಲ್ಮೇರ್ ಕಡೆಯವು. ಕಛ್‌ನ ರಣ್ ಉಪ್ಪುಜೇಡಿಯ ಚಪ್ಪಟೆ ನೆಲ. ಜೂನ್ ತಿಂಗಳಿನಿಂದ ನೈಋತ್ಯದ ಗಾಳಿ ಕೋರಿ ಅಳಿವೆಯ ಕಡೆಯಿಂದ ಸಮುದ್ರದ ನೀರನ್ನು ಒಳಗೆ ನೂಕುತ್ತದೆ, ಇನ್ನೊಂದು ಕಡೆಯಿಂದ ಲೂಣಿ, ಬನಾಸ್ ಮೊದಲಾದ ನದಿಗಳ ಮಳೆನೀರು ಬಂದು ಸೇರುತ್ತದೆ, ನಾಲ್ಕು ತಿಂಗಳು ರಣ್ ಆಳವಿಲ್ಲದ ಸರೋವರವಾಗಿರುತ್ತದೆ. ದೀಪಾವಳಿಯ ಆಚೀಚೆ ಆ ನೀರು ಇಂಗಿ ಆರಿ, ಉಪ್ಪು ಹೆಪ್ಪುಗಟ್ಟಿ, ನಡೆದರೆ ಕಾಲ ಕೆಳಗೆ ಹಪ್ಪಳದಂತೆ ಸದ್ದು ಮಾಡುವ ಪದರವಾಗುತ್ತದೆ. ರಣ್ ಉತ್ಸವ ಸಾಮಾನ್ಯವಾಗಿ ನವೆಂಬರಿನಿಂದ ಫೆಬ್ರವರಿಯ ಕೊನೆಯವರೆಗೆ ನಡೆಯುವುದಕ್ಕೆ ಹವೆ ತಂಪಾಗಿರುತ್ತದೆ ಎಂಬುದೊಂದೇ ಕಾರಣವಲ್ಲ. ಅದಕ್ಕೆ ಮುಂಚೆ ಅಲ್ಲಿ ನಿಲ್ಲಲು ನೆಲವೇ ಇರುವುದಿಲ್ಲ. ಮಳೆ ಜಾಸ್ತಿಯಾದ ವರ್ಷ ಡಿಸೆಂಬರಿನಲ್ಲಿಯೂ ಬಿಳುಪಿನ ಬದಲು ಕೆಸರು ಕಂಡು ಮುಖ ಸಪ್ಪಗೆ ಮಾಡಿಕೊಂಡು ಹಿಂದಿರುಗುವವರಿದ್ದಾರೆ.

2005ರಲ್ಲಿ ಮೂರು ದಿನಗಳ ಕಾರ್ಯಕ್ರಮವಾಗಿ ಆರಂಭವಾದ ಈ ಉತ್ಸವ ಇಂದು ಧೋರ್ಡೋ ಎಂಬ ಗಡಿಯಂಚಿನ ಹಳ್ಳಿಯಲ್ಲಿ ಡೇರೆಗಳ ಒಂದು ನಗರವನ್ನೇ ಎಬ್ಬಿಸುತ್ತದೆ. 2023ರ ಫೆಬ್ರವರಿಯಲ್ಲಿ ಜಿ-20 ಪ್ರವಾಸೋದ್ಯಮ ಕಾರ್ಯತಂಡದ ಮೊದಲ ಸಭೆ ಅಲ್ಲಿ ನಡೆಯಿತು. ಅದೇ ವರ್ಷ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಧೋರ್ಡೋವನ್ನು ಅತ್ಯುತ್ತಮ ಪ್ರವಾಸಿ ಹಳ್ಳಿಗಳ ಪಟ್ಟಿಗೆ ಸೇರಿಸಿತು. ಹುಣ್ಣಿಮೆಯ ರಾತ್ರಿಗಳಿಗೆ ಬೇಡಿಕೆ ಹೆಚ್ಚು. ಈ ವಿವರಗಳು ಯಾವ ಪ್ರವಾಸಿ ಕೈಪಿಡಿಯಲ್ಲಾದರೂ ಸಿಗುತ್ತವೆ, ಆದ್ದರಿಂದ ಇಲ್ಲಿಗೆ ಬಿಡುತ್ತೇನೆ. ಕೈಪಿಡಿಗಳು ಹೆಚ್ಚಾಗಿ ಬಿಡುವ ಸಂಗತಿಯೊಂದಿದೆ. ಸಿಂಧೂ ನದಿಯ ಪೂರ್ವದ ಕವಲೊಂದು ಹಿಂದೆ ರಣ್‌ನ ಪಶ್ಚಿಮದ ಅಂಚಿಗೆ ಬರುತ್ತಿತ್ತು. ಸಿಂಧ್‌ನ ಅರಸರು ಕಟ್ಟಿಸಿದ ಒಡ್ಡುಗಳಿಂದ ಮೊದಲೇ ಸೊರಗಿದ್ದ ಆ ಕವಲಿಗೆ 1819ರ ಜೂನ್ 16ರ ಭೂಕಂಪ ಅಡ್ಡಗೋಡೆ ಹಾಕಿತು. ನೆಲ ಎದ್ದು ನಿಂತು ಉಂಟಾದ ಆ ದಿಬ್ಬವನ್ನು, ಮನುಷ್ಯರು ಕಟ್ಟಿದ್ದಲ್ಲ ಎಂಬ ಅರ್ಥದಲ್ಲಿ, ಜನ ‘ಅಲ್ಲಾ ಬಂದ್’ ಎಂದು ಕರೆದರು. ಹಡಗುಗಳು ಬರುತ್ತಿದ್ದ ಲಖ್‌ಪತ್ ಬಂದರು ಕ್ರಮೇಣ ಬರಿದಾಯಿತು. ಇಂದು ಅಲ್ಲಿ ಏಳು ಕಿಲೋಮೀಟರಿನಷ್ಟು ಉದ್ದದ ಕೋಟೆಗೋಡೆ ಇದೆ, ಒಳಗೆ ಕೆಲವೇ ಮನೆಗಳಿವೆ.

ಎರಡನೆಯದು ಅಜ್ರಖ್. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ, ಆದ್ದರಿಂದ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ. ಕಡುನೀಲಿ ಮತ್ತು ಮಂಜಿಷ್ಠದ ಕೆಂಪು ಬಣ್ಣಗಳಲ್ಲಿ, ಬಿಳಿ ಮತ್ತು ಕಪ್ಪು ಗೆರೆಗಳ ನಡುವೆ, ನಕ್ಷತ್ರ ಮತ್ತು ಹೂಗಳ ಜ್ಯಾಮಿತಿಯನ್ನು ಮೂಡಿಸುವ ಈ ಅಚ್ಚಿನ ಬಟ್ಟೆಯ ಕೆಲಸ ಖತ್ರಿ ಮನೆತನಗಳದು. ಸಿಂಧ್‌ನಿಂದ ಬಂದ ಈ ಮನೆತನಗಳು ನಾನೂರು ವರ್ಷಗಳ ಹಿಂದೆ ಧಮಡ್ಕಾ ಎಂಬ ಹಳ್ಳಿಯಲ್ಲಿ ನೆಲೆ ನಿಂತದ್ದು ಅಲ್ಲಿ ಹರಿಯುವ ನದಿಯಿತ್ತು ಎಂಬ ಕಾರಣಕ್ಕೆ. ಕಸುಬಿನ ಕ್ರಮ ಕೇಳಿದರೆ ನದಿಯೇ ಏಕೆ ಬೇಕಿತ್ತೆಂಬುದು ತಿಳಿಯುತ್ತದೆ. ಬಟ್ಟೆಯನ್ನು ಮೊದಲು ಹರಳೆಣ್ಣೆ, ಸವಳು ಮತ್ತು ಒಂಟೆಯ ಲದ್ದಿ ಕಲಸಿದ ನೀರಿನಲ್ಲಿ ನೆನೆಸಿ, ಒಣಗಿಸಿ, ತೊಳೆದು, ಹೀಗೆ ಹಲವು ಸಲ ಮಾಡಿ ಅದರ ಗಂಜಿಯನ್ನೂ ಜಿಡ್ಡನ್ನೂ ಕಳೆಯುತ್ತಾರೆ. ಆಮೇಲೆ ಅಳಲೆಕಾಯಿಯ ನೀರಿನಲ್ಲಿ ಅದ್ದುತ್ತಾರೆ. ಬಟ್ಟೆ ತಿಳಿಹಳದಿಗೆ ತಿರುಗುತ್ತದೆ. ಸುಣ್ಣ ಮತ್ತು ಜಾಲಿಯ ಅಂಟು ಕಲಸಿ ಮರದ ಅಚ್ಚಿನಿಂದ ಒತ್ತಿದ ಗೆರೆಗಳು ಬಣ್ಣ ಕುಡಿಯದೆ ಕೊನೆಯವರೆಗೆ ಬಿಳಿಯಾಗಿ ಉಳಿಯುತ್ತವೆ. ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಕೊಳೆಹಾಕಿ, ಹುಣಸೆಬೀಜದ ಪುಡಿಯಿಂದ ಗಟ್ಟಿ ಮಾಡಿ ಒತ್ತಿದ್ದು ಕಪ್ಪಾಗುತ್ತದೆ. ಪಟಿಕ ಒತ್ತಿದ ಜಾಗ ಮುಂದೆ ಕೆಂಪು ಹಿಡಿಯುತ್ತದೆ. ನೀಲಿಯ ಬಾನಿಯಲ್ಲಿ ಮುಳುಗಿಸಿ ಎತ್ತಿದಾಗ ಹಸಿರಾಗಿ ಹೊರಬರುವ ಬಟ್ಟೆ ಗಾಳಿ ತಗುಲಿ ಕಣ್ಣೆದುರೇ ನೀಲಿಯಾಗುತ್ತದೆ. ಕೊನೆಗೆ ಹಂಡೆಯಲ್ಲಿ ಕೆಂಪು ಕುದಿಸುವುದು. ಒಟ್ಟು ಹದಿನಾಲ್ಕರಿಂದ ಹದಿನಾರು ಹಂತಗಳು. ಪ್ರತಿ ಎರಡು ಹಂತಗಳ ನಡುವೆ ತೊಳೆಯುವುದು, ಹರವುವುದು, ಒಣಗಿಸುವುದು. ಮಳೆಗಾಲದಲ್ಲಿ ಬಟ್ಟೆ ಒಣಗದು, ಕಡುಚಳಿಯಲ್ಲಿ ನೀಲಿಯ ಬಾನಿ ಹುಳಿಯಲು ಸೋಮಾರಿತನ ಮಾಡುತ್ತದೆ. ಈ ಎರಡರ ನಡುವಿನ ಬಿಸಿಲಿನಲ್ಲಿ ಕಸುಬು ಓಡಬೇಕು.

ಧಮಡ್ಕಾದ ನದಿ ಬತ್ತಿತು. ಬಾವಿ, ಕೊಳವೆಬಾವಿಗಳಿಂದ ಕೆಲಸ ಮುಂದುವರಿಯಿತು. 2001ರ ಜನವರಿ 26ರ ಭೂಕಂಪದಲ್ಲಿ ಹಳ್ಳಿಯೇ ನೆಲಸಮವಾದ ಮೇಲೆ ಉಳಿದವರು ಬಾನಿಗಳನ್ನು ಮತ್ತೆ ಹೂಡಿದಾಗ ಬಣ್ಣಗಳು ಮಂಕಾಗತೊಡಗಿದವು. ಅಂತರ್ಜಲದಲ್ಲಿ ಕಬ್ಬಿಣದ ಅಂಶ ಏರಿತ್ತು. ಇದರಿಂದ ಬಣ್ಣವೇಕೆ ಕೆಡಬೇಕು ಎಂಬುದು ನಮ್ಮ ಅಜ್ಜಂದಿರಿಗೆ ತಕ್ಷಣ ಹೊಳೆಯುತ್ತಿತ್ತು, ಏಕೆಂದರೆ ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಬರೆಯುವ ಮಸಿ ಮಾಡುತ್ತಿದ್ದವರು ಅವರು. ಅಳಲೆಯ ಒಗರು ಕಬ್ಬಿಣವನ್ನು ಮುಟ್ಟಿದರೆ ಕಪ್ಪು ಹುಟ್ಟುತ್ತದೆ. ಅಚ್ಚು ಬಿದ್ದಲ್ಲಿ ಮಾತ್ರ ಹುಟ್ಟಬೇಕಾದ ಆ ಕಪ್ಪು ಬಟ್ಟೆಯ ತುಂಬ ಮೆಲ್ಲಗೆ ಹರಡಿಕೊಂಡರೆ ಕೆಂಪು ಕಂದಾಗುತ್ತದೆ, ಬಿಳುಪು ಬೂದಿಯಾಗುತ್ತದೆ. ಹಾಗಾಗಿ ಹಲವು ಮನೆತನಗಳು ತಕ್ಕ ನೀರನ್ನು ಹುಡುಕಿಕೊಂಡು ಭುಜ್ ಬಳಿ ಹೊಸ ಊರು ಕಟ್ಟಿಕೊಂಡವು, ಅದಕ್ಕೆ ಅಜ್ರಖ್‌ಪುರ ಎಂದು ಹೆಸರಿಟ್ಟವು. ಕಸುಬಿನ ಹೆಸರನ್ನೇ ಊರಿಗೆ ಇಟ್ಟದ್ದರಲ್ಲಿ ಹೆಮ್ಮೆಯಿದೆ. ನೀರಿನ ಗುಣ ನೋಡಿ ಊರಿನ ಜಾಗ ಆರಿಸಿದ್ದರಲ್ಲಿ ಕಸುಬಿನ ವಿವೇಕವಿದೆ. ಈ ಕೆಲಸವನ್ನು ಮುನ್ನಡೆಸಿದ ಇಸ್ಮಾಯಿಲ್ ಮೊಹಮ್ಮದ್ ಖತ್ರಿ ಅವರಿಗೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ಡಿ ಮಾಂಟ್‌ಫೋರ್ಟ್ ವಿಶ್ವವಿದ್ಯಾಲಯ 2003ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಈಜಿಪ್ಟಿನ ಫುಸ್ತಾತ್ ಎಂಬ ಹಳೆಯ ನಗರದ ಅವಶೇಷಗಳಲ್ಲಿ ಇದೇ ಬಗೆಯ ಅಚ್ಚೊತ್ತಿದ ಗುಜರಾತಿನ ಹತ್ತಿಬಟ್ಟೆಯ ಚೂರುಗಳು ಸಿಕ್ಕಿವೆ. ಶತಮಾನಗಳ ಹಿಂದೆಯೇ ಸಮುದ್ರ ದಾಟಿದ್ದ ಕಸುಬಿಗೆ ಅಂತರ್ಜಲದ ಕಬ್ಬಿಣ ಅಡ್ಡಬಂದದ್ದನ್ನು ನೆನೆದಾಗಲೆಲ್ಲ ನನಗೆ ವಿಚಿತ್ರವೆನಿಸುತ್ತದೆ.

ಇಲ್ಲಿ ನನ್ನದೊಂದು ಪೆದ್ದುತನವನ್ನು ಹೇಳಿಕೊಳ್ಳಬೇಕು. ಮೊದಲ ಸಲ ಹೋದಾಗ ಉತ್ಸವದ ಮಳಿಗೆಯೊಂದರಲ್ಲಿ ‘ಅಸಲಿ ಅಜ್ರಖ್’ ಎಂಬ ಮಾತು ನಂಬಿ ಒಂದು ದುಪ್ಪಟ್ಟಾ ಕೊಂಡೆ. ಮನೆಗೆ ಬಂದು ಬಕೆಟ್ಟಿನಲ್ಲಿ ಅದ್ದಿದ್ದೇ ತಡ, ಕೆಂಪು ಕುಂಕುಮದ ನೀರಿನಂತೆ ಬಿಟ್ಟುಕೊಂಡಿತು. ಹಿಂಬದಿ ತಿರುಗಿಸಿದರೆ ಹೆಚ್ಚುಕಡಿಮೆ ಬಿಳಿ. ಯಂತ್ರದಲ್ಲಿ ಮೇಲ್ಮೈಗೆ ಹಚ್ಚಿದ ಬಣ್ಣ ಅದು. ಇದರಿಂದ ಉತ್ಸವವೇ ಮೋಸ ಎನ್ನಲು ನಾನು ಸಿದ್ಧನಿಲ್ಲ. ನಾಲ್ಕು ತಿಂಗಳಲ್ಲಿ ದೇಶದ ಎಲ್ಲ ಮೂಲೆಗಳಿಂದ ಕೊಳ್ಳುವವರನ್ನು ತಂದು ಕಸುಬುದಾರನ ಬಾಗಿಲಿಗೆ ಬಿಡುವ ಬೇರೆ ವ್ಯವಸ್ಥೆ ಅಲ್ಲಿಲ್ಲ. ಆದರೆ ಅಲ್ಲಿ ಹದಿನಾರು ಹಂತಗಳ ಬಟ್ಟೆಯೂ ಒಂದೇ ಹಂತದ ಬಟ್ಟೆಯೂ ಒಂದೇ ಹಗ್ಗದ ಮೇಲೆ ನೇತಾಡುತ್ತವೆ, ಬೆಲೆ ಕೇಳುವವರೇ ಹೆಚ್ಚು, ಬಟ್ಟೆ ತಿರುಗಿಸಿ ನೋಡುವವರು ಕಡಿಮೆ.

ಕಸೂತಿಯ ಕಥೆ ಇದಕ್ಕೆ ತಿರುವುಮುರುವು. ಅದು ನೀರು ಬಾರದೆ ಹೋದದ್ದರ ಕಥೆ. ರಬಾರಿ, ಆಹೀರ್, ಜತ್, ಮುತ್ವಾ, ಮೇಘ್‌ವಾಲ್ ಹೆಂಗಸರು ತಲೆಮಾರುಗಳಿಂದ ಹೊಲಿಯುತ್ತ ಬಂದದ್ದು ಮದುವೆಯ ಉಡುಗೊರೆಗಾಗಿ, ಮಾರುವುದಕ್ಕಾಗಿ ಅಲ್ಲ. 1969ರ ಬರಗಾಲದಲ್ಲಿ ಪರಿಹಾರ ಕಾರ್ಯಕ್ಕೆಂದು ಧನೇಟಿ ಎಂಬ ಹಳ್ಳಿಗೆ ಹೋದ ಚಂದಾ ಶ್ರಾಫ್ ಅವರು, ಪುಕ್ಕಟೆ ಅನ್ನಕ್ಕೆ ಕೈಯೊಡ್ಡಲು ಅಲ್ಲಿನ ಹೆಂಗಸರು ಹಿಂಜರಿಯುವುದನ್ನು ಕಂಡು, ಸೀರೆಗಳನ್ನು ಕೊಟ್ಟು ಕಸೂತಿ ಹಾಕಿಸಿ ಕೂಲಿ ಕೊಡುವ ದಾರಿ ಹಿಡಿದರು. ‘ಶ್ರುಜನ್’ ಸಂಸ್ಥೆ ಹುಟ್ಟಿದ್ದು ಹೀಗೆ. ಇಂದು ಅಜ್ರಖ್‌ಪುರದಲ್ಲಿ ಅವರದೇ ಕಸೂತಿ ಸಂಗ್ರಹಾಲಯವಿದೆ, ಒಂದಿಡೀ ದಿನ ಇಟ್ಟುಕೊಂಡು ಹೋಗಬೇಕಾದ ಜಾಗ.

ಅಲ್ಲಿ ನಮ್ಮ ಕಣ್ಣನ್ನು ಹಿಡಿದು ನಿಲ್ಲಿಸುವುದು ಸೂಫ್ ಎಂಬ ಕಸೂತಿ. 1971ರ ಯುದ್ಧದ ಹೊತ್ತಿನಲ್ಲಿ ಸಿಂಧ್‌ನ ಥರ್‌ಪಾರ್ಕರ್ ಕಡೆಯಿಂದ ಗಡಿ ದಾಟಿ ಬಂದ ಸೋಢಾ, ಮೇಘ್‌ವಾಲ್ ಕುಟುಂಬಗಳ ಕೈಯಲ್ಲಿ ಇದು ಬೆಳೆದಿದೆ. ಸೂಫ್ ಎಂದರೆ ಸಿಂಧಿಯಲ್ಲಿ ಸೇಬು, ಆದರೆ ಬಟ್ಟೆಯ ಮೇಲೆ ಕಾಣುವುದು ತ್ರಿಕೋನಗಳ ಸಾಲು. ಹೊಲಿಯುವವಳು ಬಟ್ಟೆಯ ಮೇಲೆ ಏನನ್ನೂ ಬರೆದುಕೊಳ್ಳುವುದಿಲ್ಲ. ಹಿಂಬದಿಯಿಂದ ನೇಯ್ಗೆಯ ಎಳೆಗಳನ್ನು ಎಣಿಸುತ್ತ ಸೂಜಿ ಹಾಕುತ್ತಾಳೆ, ಚಿತ್ತಾರ ಮುಂಬದಿಯಲ್ಲಿ ಮೂಡುತ್ತದೆ. ಧಾರವಾಡದ ಕಸೂತಿಯನ್ನು ಬಲ್ಲವರಿಗೆ ಈ ಎಣಿಕೆ ಮನೆಯ ಮಾತಿನಂತೆ ಕೇಳಿಸೀತು. ನಮ್ಮ ಗಾವಂತಿ ಹೊಲಿಗೆಯಲ್ಲಿಯೂ ಗೆರೆ ಎಳೆದುಕೊಳ್ಳುವಂತಿಲ್ಲ, ಗಂಟು ಹಾಕುವಂತಿಲ್ಲ, ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ. ಇವೆರಡರ ನಡುವೆ ಕೊಡುಕೊಳ್ಳುವಿಕೆ ಇತ್ತೆಂದು ನಾನು ಹೇಳುತ್ತಿಲ್ಲ. ಎಣಿಕೆಯನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡ ಹೆಂಗಸರು ಎರಡೂ ಕಡೆ ಇದ್ದಾರೆ ಎಂದಷ್ಟೇ.

ಉಳಿದ ಕಸುಬುಗಳನ್ನು ಒಂದೊಂದು ಮಾತಿನಲ್ಲಿ ದಾಟುತ್ತೇನೆ. ಭುಜೋಡಿಯ ನೇಕಾರರು ಈಚಿನ ವರ್ಷಗಳಲ್ಲಿ ಕಾಲಾ ಕಾಟನ್ ಎಂಬ ನಾಟಿ ಹತ್ತಿಯನ್ನು ನೇಯುತ್ತಾರೆ. ನೀರಾವರಿ ಬೇಡದ, ಮಳೆಯನ್ನೇ ನಂಬಿ ಬೆಳೆಯುವ ಹತ್ತಿ ಅದು, ಎಳೆ ಗಿಡ್ಡ, ಆದರೆ ಗಟ್ಟಿ. ನಿರೋಣಾ ಗ್ರಾಮದ ರೋಗನ್ ಚಿತ್ರಕಾರರು ಹರಳೆಣ್ಣೆಯನ್ನು ಅಂಟಾಗುವವರೆಗೆ ಕಾಯಿಸಿ, ಬಣ್ಣ ಬೆರೆಸಿ, ಅಂಗೈಯಲ್ಲಿಟ್ಟುಕೊಂಡು, ಕಡ್ಡಿಯ ತುದಿಯಿಂದ ದಾರದಂತೆ ಎಳೆದು ಬಟ್ಟೆಯ ಮೇಲೆ ಬಿಡುತ್ತಾರೆ. ಕಡ್ಡಿ ಬಟ್ಟೆಯನ್ನು ಮುಟ್ಟುವುದೇ ಇಲ್ಲ. ಆ ಮನೆತನದ ಅಬ್ದುಲ್ ಗಫೂರ್ ಖತ್ರಿ ಅವರಿಗೆ 2019ರಲ್ಲಿ ಪದ್ಮಶ್ರೀ ಬಂದಿತು. ಭುಜ್‌ನಿಂದ ಧೋರ್ಡೋಗೆ ಹೋಗುವ ದಾರಿ ಬನ್ನಿ ಎಂಬ ಹುಲ್ಲುಗಾವಲನ್ನು ಹಾದುಹೋಗುತ್ತದೆ. ದಾರಿಯುದ್ದಕ್ಕೂ ನಿಮಗೆ ಕಾಣುವ ಮುಳ್ಳುಪೊದೆ ನಮ್ಮ ಬಳ್ಳಾರಿ ಜಾಲಿಯೇ. ರಣ್ ಹರಡದಂತೆ ತಡೆಯಲು 1960ರ ದಶಕದಲ್ಲಿ ನೆಟ್ಟದ್ದು ಹುಲ್ಲನ್ನೇ ನುಂಗುತ್ತಿದೆ. ಅಲ್ಲಿನ ದನಗಾಹಿಗಳು ಅದಕ್ಕೆ ‘ಗಾಂಡೋ ಬಾವಳ್’, ಹುಚ್ಚು ಜಾಲಿ, ಎನ್ನುತ್ತಾರೆ. ಹೆಸರಿಡುವುದರಲ್ಲಿ ಅವರು ನಮಗಿಂತ ನೇರ.

ಸರ್ಕಾರದ ಉತ್ಸವ ಮುಗಿಯುವ ಹೊತ್ತಿಗೆ, ಶಿವರಾತ್ರಿಯ ಆಸುಪಾಸಿನಲ್ಲಿ, ಧ್ರಂಗ್ ಎಂಬ ಊರಿನಲ್ಲಿ ಕಛ್ ಜನರದೇ ಆದ ಜಾತ್ರೆಯೊಂದು ಸೇರುತ್ತದೆ. ಅದು ಸಂತ ಮೇಕಣ್ ದಾದಾ ಅವರ ನೆಲೆ. ರಣ್‌ನಲ್ಲಿ ದಾರಿ ತಪ್ಪಿ ಬಾಯಾರಿದವರನ್ನು ಹುಡುಕಿ ನೀರು ಕೊಡುವುದೇ ಅವರ ವ್ರತವಾಗಿತ್ತಂತೆ. ಲಾಲಿಯೋ ಎಂಬ ಕತ್ತೆ ಬೆನ್ನ ಮೇಲೆ ನೀರಿನ ಕೊಡಗಳನ್ನು ಹೊತ್ತು ಹೋಗುತ್ತಿತ್ತು, ಮೋತಿಯೋ ಎಂಬ ನಾಯಿ ವಾಸನೆ ಹಿಡಿದು ದಾರಿ ತೋರುತ್ತಿತ್ತು. ಧ್ರಂಗ್‌ನಲ್ಲಿ ಸಂತನ ಜೊತೆಗೆ ಆ ಕತ್ತೆಗೂ ನಾಯಿಗೂ ಗೌರವ ಸಲ್ಲುತ್ತದೆ. ರಬಾರಿ, ಆಹೀರ್ ಹೆಂಗಸರು ಅಲ್ಲಿಗೆ ಉಟ್ಟು ಬರುವ ಕಸೂತಿ ಮಾರಾಟಕ್ಕಿಟ್ಟದ್ದಲ್ಲ. ಅದನ್ನು ನೋಡಿದ ಮೇಲೆ ಮಳಿಗೆಯ ಮಾಲು ಸ್ವಲ್ಪ ಬಡವಾಗಿ ಕಾಣುತ್ತದೆ.

ಹಾಡಿನ ಮಾತೂ ಅಷ್ಟೆ. ಬನ್ನಿಯ ಮುಸ್ಲಿಂ ದನಗಾಹಿಗಳು ರಾತ್ರಿ ಗುಂಪಾಗಿ ಕುಳಿತು ‘ವಾಯಿ’ ಎಂಬ ಏರುದನಿಯ ಹಾಡನ್ನು ಹಾಡುತ್ತಾರೆ. ಜೊತೆಗೆ ಸುರಂದೋ ಎಂಬ ಕಮಾನಿನ ವಾದ್ಯ, ಜೋಡಿಯಾ ಪಾವಾ ಎಂಬ ಜೋಡಿಕೊಳಲು, ಮಣ್ಣಿನ ಉಂಡೆಗೆ ತೂತು ಕೊರೆದು ಮಾಡಿದ ಬೋರಿಂದೋ ಈ ಸೀಮೆಯ ವಾದ್ಯಗಳು. ಹಾಡುವುದು 1752ರಲ್ಲಿ ತೀರಿಕೊಂಡ ಸಿಂಧ್‌ನ ಸೂಫಿ ಕವಿ ಶಾಹ್ ಅಬ್ದುಲ್ ಲತೀಫ್ ಭಿಟಾಯಿಯ ಪದಗಳನ್ನು. ಗಡಿ ನಡುವೆ ಬಂದರೂ ಪದ ಇತ್ತಕಡೆ ಉಳಿಯಿತು. ಅವನ ಕಾವ್ಯದಲ್ಲಿ ‘ಸುರ್ ಸಾರಂಗ್’ ಎಂಬ ಒಂದು ಭಾಗವಿದೆ, ಅದು ಪೂರ್ತಿ ಮಳೆಯದು: ಮೋಡ, ಮಿಂಚು, ತುಂಬಿದ ಹೊಂಡ, ಮೇವು ಕಂಡ ದನ. ಉತ್ಸವದ ವೇದಿಕೆಯಲ್ಲಿ ಹತ್ತು ನಿಮಿಷಕ್ಕೆ ಕತ್ತರಿಸಿ ಹಾಡಿಸುವ ಹಾಡುಗಳನ್ನು ಕೇಳಿ ಎದ್ದುಬರಬೇಡಿ. ಪರಿಚಯದವರಿದ್ದರೆ ಹಳ್ಳಿಯಲ್ಲಿ ಒಂದು ರಾತ್ರಿ ಕುಳಿತು ಕೇಳಿ.

ನನ್ನ ಮಾತು ಮುಗಿಯಿತು. ಬಾಗಿಲ ಬಳಿಯ ಮೇಜಿನ ಮೇಲೆ ಎರಡು ಬಟ್ಟೆಗಳನ್ನು ಮಡಚಿ ಇಟ್ಟಿದ್ದೇನೆ: ಒಂದು ಅಜ್ರಖ್‌ಪುರದ್ದು, ಇನ್ನೊಂದು ನಾನು ಮೋಸಹೋದದ್ದು. ಯಾವುದು ಯಾವುದೆಂದು ಬರೆದಿಟ್ಟಿಲ್ಲ. ಹೋಗುವಾಗ ತಿರುಗಿಸಿ ನೋಡಿ.