ಹಾಲು ಕಾಯಿಸಿದ್ದು ಯಾವ ಪಾತ್ರೆಯಲ್ಲಿ?

ಹುಣಸೆಹಣ್ಣು ಹಾಕಿ ತಾಮ್ರದ ಚೊಂಬು ತಿಕ್ಕಿದ್ದೀರಾ? ಕಪ್ಪಗಿದ್ದದ್ದು ನೋಡನೋಡುತ್ತಲೇ ಕೆಂಪಗೆ ಹೊಳೆಯುತ್ತೆ. ತೊಳೆದ ನೀರು ಬಚ್ಚಲಿಗೆ ಹೋಯಿತಲ್ಲ, ಅದರಲ್ಲಿ ತಾಮ್ರವೂ ಕರಗಿತ್ತು. ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟರೆ ಕಿಲುಬು ಹತ್ತುತ್ತೆ ಅಂತ ನಮ್ಮಜ್ಜಿ ಬೈತಿದ್ದರು. ಹುಳಿಯ ವಿಷಯ ಅವರಿಗೆ ಗೊತ್ತಿತ್ತು. ಹಾಲಿನ ವಿಷಯ ಗೊತ್ತಿರಲಿಲ್ಲ.

ನಮ್ಮ ದೇಶದ ಹೆಸರನ್ನೇ ಹೊತ್ತ ಒಂದು ಕಾಯಿಲೆ ಇತ್ತು: ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್, ಅಂದರೆ ಚಿಕ್ಕ ಮಕ್ಕಳ ಲಿವರ್ ಗಟ್ಟಿಯಾಗಿ ಕೆಟ್ಟುಹೋಗೋದು. ಕಲ್ಕತ್ತಾದಲ್ಲಿ 1887ರಲ್ಲೇ ಇದನ್ನು ದಾಖಲಿಸಿದ್ದರು. ಒಂದು, ಎರಡು, ಮೂರು ವರ್ಷದ ಮಗು. ಸದಾ ರಗಳೆ, ಊಟ ಸೇರಲ್ಲ, ಹೊಟ್ಟೆ ಉಬ್ಬಿಕೊಂಡಿರುತ್ತೆ. ಒತ್ತಿ ನೋಡಿದರೆ ಲಿವರ್ ಗಟ್ಟಿಯಾಗಿ, ಅಂಚು ಚೂಪಾಗಿ ಕೈಗೆ ಸಿಗುತ್ತೆ. ಆಮೇಲೆ ಕಾಮಾಲೆ. ಕೆಲವೇ ತಿಂಗಳಲ್ಲಿ ಮಗು ಹೋಗಿಬಿಡುತ್ತಿತ್ತು. ಎಷ್ಟೋ ಮನೆಗಳಲ್ಲಿ ಅದರ ಬೆನ್ನಿಗೆ ಹುಟ್ಟಿದ್ದೂ ಹಾಗೇ. ವಂಶದ ದೋಷ ಅಂದರು, ವೈರಸ್ ಅಂದರು, ಬೂಷ್ಟು ಹಿಡಿದ ಧಾನ್ಯದ ವಿಷ ಅಂದರು. ಆ ತಾಯಂದಿರು ಊರವರ ಬಾಯಿಂದ ಏನೇನು ಕೇಳಿಸಿಕೊಂಡಿರಬೇಕು ಅಂತ ನೆನೆದರೆ ನನಗೆ ಈಗಲೂ ಸಂಕಟ ಆಗುತ್ತೆ.

1970ರ ದಶಕದ ಕೊನೆಗೆ ಸುಳಿವು ಸಿಕ್ಕಿತು. ಈ ಮಕ್ಕಳ ಲಿವರ್ ತುಣುಕಿಗೆ ಆರ್ಸೀನ್ ಅನ್ನೋ ಬಣ್ಣ ಹಾಕಿದಾಗ ಜೀವಕೋಶಗಳ ತುಂಬ ಕಂದು ಕಾಳುಗಳು. ತಾಮ್ರ! ಆರೋಗ್ಯವಾಗಿರೋ ದೊಡ್ಡವರ ಲಿವರ್‌ನಲ್ಲಿ, ಒಣ ತೂಕದ ಒಂದು ಗ್ರಾಂಗೆ 50 ಮೈಕ್ರೊಗ್ರಾಂ ಒಳಗಿರುತ್ತೆ. ಇಲ್ಲಿ 800, 1000 ದಾಟಿತ್ತು.

ಅಷ್ಟು ತಾಮ್ರ ಬಂದದ್ದೆಲ್ಲಿಂದ? ಪುಣೆಯ ಕೆಇಎಂ ಆಸ್ಪತ್ರೆಯ ಆನಂದ್ ಪಂಡಿತ್, ಶೀಲಾ ಭಾವೆ, ಇಂಗ್ಲೆಂಡಿನ ಸ್ಟುವರ್ಟ್ ಟ್ಯಾನರ್ ತಾಯಂದಿರನ್ನೇ ಕೇಳಿದರು. ಮೇಲು ಹಾಲು, ಅಂದರೆ ಹಸು, ಎಮ್ಮೆಯ ಹಾಲು, ಶುರು ಮಾಡಿದ್ದು ಯಾವಾಗ? ಕಾಯಿಸಿದ್ದು ಯಾವ ಪಾತ್ರೆಯಲ್ಲಿ? ಕಾಯಿಲೆ ಬಿದ್ದ ಮಕ್ಕಳ ಮನೆಯಲ್ಲಿ ತಾಮ್ರ, ಹಿತ್ತಾಳೆಯ ಪಾತ್ರೆ ಹೆಚ್ಚಾಗಿತ್ತು, ಮೇಲು ಹಾಲೂ ಬೇಗ ಶುರುವಾಗಿತ್ತು. ಹಾಲಿನಲ್ಲಿರೋ ಕೇಸಿನ್ ಅನ್ನೋ ಪ್ರೋಟೀನು ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತೆ. ಕಾಯಿಸಿ ಅದರಲ್ಲೇ ಬಿಟ್ಟಷ್ಟೂ ಹೆಚ್ಚು ಸೇರುತ್ತೆ. ಇನ್ನು ಕೂಸಿನ ಲಿವರ್ ಹುಟ್ಟುವಾಗಲೇ ತಾಮ್ರ ಕೂಡಿಟ್ಟುಕೊಂಡು ಬಂದಿರುತ್ತೆ, ಅದನ್ನು ಪಿತ್ತರಸದ ಮೂಲಕ ಹೊರಹಾಕೋ ಶಕ್ತಿ ಇನ್ನೂ ಬಲಿತಿರಲ್ಲ. ಎದೆಹಾಲಿನಲ್ಲಿ ತಾಮ್ರ ಕಡಿಮೆ. ಅದನ್ನು ಬಿಡಿಸಿ ಆ ತಪ್ಪಲೆಯ ಹಾಲು ಕೊಟ್ಟರೆ ಲಿವರ್ ಎಲ್ಲಿಗಂತ ಸಾಗಿಸೀತು?

ಹಾಗೆ ಕುಡಿದ ಎಲ್ಲ ಮಕ್ಕಳಿಗೂ ಬರಲಿಲ್ಲ, ನಿಜ. ಆಸ್ಟ್ರಿಯಾದ ಟೈರೋಲ್‌ನಲ್ಲೂ 1900ರಿಂದ 1974ರ ನಡುವೆ 138 ಮಕ್ಕಳು ಇಂಥದ್ದೇ ಕಾಯಿಲೆಯಿಂದ ತೀರಿಕೊಂಡರು. ಅಲ್ಲಿ ವಂಶವಾಹಿಯ ಪಾತ್ರವೂ ಕಂಡುಬಂತು. ಆದರೆ ತಾಮ್ರದ ಪಾತ್ರೆ ಅಡುಗೆಮನೆಯಿಂದ ಹೋದಮೇಲೆ ಕಾಯಿಲೆಯೂ ಹೋಯಿತು. ನಮ್ಮಲ್ಲಿ ಸ್ಟೀಲು ಬಂತು, 1990ರ ದಶಕದ ಹೊತ್ತಿಗೆ ಕಾಯಿಲೆ ಹತ್ತಿರಹತ್ತಿರ ಕಣ್ಮರೆಯಾಯಿತು. ರಕ್ತದಲ್ಲಿ ದೋಷ ಇದೆ ಅನ್ನಿಸಿಕೊಂಡ ಮನೆಗಳಿಗೆ ಬೇಕಾಗಿದ್ದದ್ದು ಒಂದು ಬೇರೆ ಪಾತ್ರೆ.

ಈಗ ತಾಮ್ರ, ಹಿತ್ತಾಳೆ 'ನಮ್ಮ ಹಿರಿಯರ ಆರೋಗ್ಯದ ಗುಟ್ಟು' ಅಂತ ವಾಪಸ್ ಬರ್ತಿದೆ. ದೊಡ್ಡವರು ತಾಮ್ರದ ಚೊಂಬಲ್ಲಿ ನೀರು ಕುಡಿಯೋದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಿರಿಯರು ಕಲಾಯಿ ಹಾಕಿಸುತ್ತಿದ್ದರು ಅನ್ನೋದನ್ನ ಮಾರೋರು ಯಾಕೆ ಹೇಳಲ್ಲ? ಬೀದಿಯಲ್ಲಿ ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರ ಉದುರಿಸಿ, ಬಿಳಿ ಹೊಗೆ ಏಳುತ್ತಿದ್ದ ಹಾಗೇ ತವರವನ್ನು ಬಟ್ಟೆಯಲ್ಲಿ ಬಳಿದುಬಿಡುತ್ತಿದ್ದರು. ಒಳಗೆಲ್ಲ ಬೆಳ್ಳಿ ಬಣ್ಣ. ಸವೆದಾಗ ಮತ್ತೆ ಹಾಕಿಸಬೇಕು. 'ಕೂಸಿನ ಹಾಲು ಇದರಲ್ಲಿ ಕಾಯಿಸಬೇಡಿ' ಅಂತ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಹಾಕಲೇಬೇಕು ಅನ್ನೋದು ನನ್ನ ಆಗ್ರಹ.

ನಮ್ಮನೆ ಅಟ್ಟದ ಮೇಲೆ ಅಜ್ಜಿಯ ಹಿತ್ತಾಳೆ ತಪ್ಪಲೆ ಇನ್ನೂ ಇದೆ. ಒಳಗಿನ ಕಲಾಯಿ ಸವೆದು ಹಳದಿ ಕಾಣ್ತಿದೆ. ಮಗುವಿಗೆ ಹಾಲು ಕಾಯಿಸೋಕೆ ಅಂತ ಅದನ್ನು ಇಳಿಸೋಕೆ ನಾನು ಬಿಡಲ್ಲ.