ಶ್ರುತಿ ಇಳಿಸಿದ ಸಂಜೆ

ಮಾನ್ಯ ಅಧ್ಯಕ್ಷರೇ, ಡೊಂಬಿವಲಿಯ ಕನ್ನಡ ಬಂಧುಗಳೇ, ನಮ್ಮ ಭಜನಾ ಮಂಡಳಿಯ ಗೆಳತಿಯರೇ,

ಕಳೆದುಹೋದ ಹಾಡುವ ದನಿ ಮರಳಿ ಬರುವ ಬಗೆಯನ್ನು ಕುರಿತು ಮಾತನಾಡಲು ನನ್ನನ್ನು ಕರೆದಿದ್ದೀರಿ. ಮುಂಬಯಿಯ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಪಾಠ ಹೇಳಿದವಳು ನಾನು. ಅರವತ್ತು ಮಕ್ಕಳ ತರಗತಿ, ರಸ್ತೆಗೆ ತೆರೆದ ಕಿಟಕಿ, ಹೊರಗೆ ಬಸ್ಸುಗಳ ಹಾರ್ನು. ಇವೆಲ್ಲವನ್ನೂ ದಾಟಿ ನನ್ನ ಮಾತು ಕೊನೆಯ ಬೆಂಚಿಗೆ ತಲುಪಬೇಕಿತ್ತು. ಮೈಕು ಬೇಕೆಂದು ಎರಡು ಬಾರಿ ಬರೆದುಕೊಟ್ಟರೂ ಸಿಗಲಿಲ್ಲ. ಒಂದು ಬೆಳಿಗ್ಗೆ ಹಾಜರಿ ಕೂಗಲು ಬಾಯಿ ತೆರೆದರೆ ಬರೀ ಗಾಳಿ ಬಂತು.

ವೈದ್ಯರು ಗಂಟಲಿಗೆ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಎರಡು ಧ್ವನಿತಂತುಗಳ ಅಂಚಿನಲ್ಲಿ, ಎದುರುಬದುರಾಗಿ, ಎರಡು ಪುಟ್ಟ ಗಂಟುಗಳು. ಹೆಂಗಸರು ಮಾತನಾಡುವಾಗ ಈ ತಂತುಗಳು ಸೆಕೆಂಡಿಗೆ ಸುಮಾರು 200 ಬಾರಿ ಕೂಡಿ ಅಗಲುತ್ತವೆ. ವರ್ಷಗಟ್ಟಲೆ ಕೂಗಿ ಮಾತನಾಡಿದರೆ ಅವು ಒಂದಕ್ಕೊಂದು ಜೋರಾಗಿ ಬಡಿದು, ಗುದ್ದಲಿ ಹಿಡಿದವನ ಅಂಗೈಯಂತೆ, ಬಡಿಯುವ ಜಾಗದಲ್ಲೇ ಜಡ್ಡುಗಟ್ಟುತ್ತವೆ. ಆಮೇಲೆ ಅವು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಸಂದಿಯಿಂದ ಗಾಳಿ ಸೋರುತ್ತದೆ. ತಾರಸ್ಥಾಯಿಗೆ ತಂತುಗಳು ತೆಳ್ಳಗೆ ಎಳೆದುಕೊಳ್ಳಬೇಕಾದ್ದರಿಂದ ಮೊದಲು ಹೋಗುವುದು ಮೇಲಿನ ಸ್ವರಗಳೇ. ಮೌನ, ನೀರು, ಮೆಲ್ಲನೆ ಗುನುಗುವ ಅಭ್ಯಾಸ, ವಾಕ್‌ಚಿಕಿತ್ಸಕಿಯ ಮುಂದೆ ಕೂತು ಮಾತನಾಡುವುದನ್ನೇ ಹೊಸದಾಗಿ ಕಲಿಯುವುದು: ಎಂಟು ತಿಂಗಳು ಹೀಗೆ ಕಳೆದ ಮೇಲೆ ಶಸ್ತ್ರಚಿಕಿತ್ಸೆ ಇಲ್ಲದೆಯೇ ಗಂಟುಗಳು ಕರಗಿದವು.

ಮಾತು ಬಂತು, ಹಾಡು ಬರಲಿಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಯತ್ನಿಸುತ್ತಿದ್ದೆ. ಪಂಚಮ ದಾಟುವ ಮೊದಲೇ ದನಿ ಒಡೆಯುತ್ತಿತ್ತು. ನಾನು ಹುಡುಕುತ್ತಿದ್ದದ್ದು ಇಪ್ಪತ್ತೈದರ ಹರೆಯದ ದನಿಯನ್ನು ಎಂಬುದು ಆಗ ಹೊಳೆಯಲಿಲ್ಲ. ಮುಟ್ಟು ನಿಂತ ಮೇಲೆ ತಂತುಗಳು ಕೊಂಚ ದಪ್ಪವಾಗಿ ಹೆಂಗಸರ ದನಿ ಕೆಳಗಿಳಿಯುವುದು ಸಹಜ. ಅದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಪಕ್ಕದ ಮನೆಯವರು ಮಂಡಳಿಗೆ ಕರೆದೊಯ್ದಾಗ, ಹಾಡಲಾರೆ, ತಾಳ ಮಾತ್ರ ಹಾಕುತ್ತೇನೆ ಎಂಬ ಕರಾರಿನ ಮೇಲೆ ಹೋದೆ. ಐದು ತಿಂಗಳು ಹಾಗೆಯೇ ನಡೆಯಿತು. ಹಾರ್ಮೋನಿಯಂ ನುಡಿಸುತ್ತಿದ್ದವರು ಧಾರವಾಡ ಕಡೆಯ ಹಿರಿಯರೊಬ್ಬರು. ಎಲ್ಲರೂ ದಾಸರ ಪದ ಹಾಡುವಾಗ ನನ್ನ ತುಟಿ ಸದ್ದಿಲ್ಲದೆ ಅಲುಗುವುದನ್ನು ಅವರು ಗಮನಿಸಿದ್ದರಂತೆ. ಒಂದು ಗುರುವಾರ ಸಂಜೆ ಪದ ಎತ್ತುವ ಮೊದಲು ಅವರ ಬೆರಳು ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆಯಿಂದ, ಅಂದರೆ ಕಪ್ಪು ನಾಲ್ಕರಿಂದ, ಸರಿದು ಬಿಳಿ ನಾಲ್ಕರ ಮೇಲೆ ನಿಂತಿತು. "ಇವತ್ತ ಸ್ವಲ್ಪ ಕೆಳಗ ಹಾಡೂಣು" ಎಂದರು, ಅಷ್ಟೇ. ಮೂರು ಸ್ವರಸ್ಥಾನ ಇಳಿದ ಆ ಷಡ್ಜಕ್ಕೆ ಹದಿನೆಂಟು ಹೆಂಗಸರು, ಕೆಲವರಿಗೆ ಮಂದ್ರದಲ್ಲಿ ಕಷ್ಟವಾದರೂ, ಹೊಂದಿಕೊಂಡರು. ಎರಡನೆಯ ನುಡಿಯಲ್ಲಿ ಯಾರದೋ ಗಡಸು ದನಿ ಕಿವಿಗೆ ಬಿತ್ತು. ಅದು ನನ್ನದೆಂದು ತಿಳಿಯಲು ಅರ್ಧ ಸಾಲು ಹಿಡಿಯಿತು.

ಉಸಿರಿನ ಮಾತನ್ನೂ ಹೇಳಬೇಕು. ಸಾಲಿನ ನಡುವೆ ನನ್ನ ಉಸಿರು ಮುಗಿದಾಗ ಪಕ್ಕದವರ ದನಿ ಮುಂದುವರಿಯುತ್ತಿತ್ತು. ಉಸಿರು ತುಂಬಿಕೊಂಡು ನಾನು ಮತ್ತೆ ಸೇರಿಕೊಳ್ಳುವಷ್ಟರಲ್ಲಿ ಪದ ಎಲ್ಲೂ ತುಂಡಾಗಿರುತ್ತಿರಲಿಲ್ಲ. ಪಾಶ್ಚಾತ್ಯ ವೃಂದಗಾನದಲ್ಲಿ ಇದನ್ನೇ, ಒಬ್ಬರು ಉಸಿರೆಳೆಯುವಾಗ ಇನ್ನೊಬ್ಬರು ಎಳೆಯದಂತೆ, ಕಲಿಸಿ ಅಭ್ಯಾಸ ಮಾಡಿಸುತ್ತಾರೆ. ಒಂಟಿಯಾಗಿ ಹಾಡುವಾಗ ಉಸಿರು ಸಾಲದೆಂಬ ಭಯವೇ ಗಂಟಲನ್ನು ಬಿಗಿಯುತ್ತದೆ, ಆ ಭಯ ಹೋದರೆ ಗಂಟಲು ಸಡಿಲವಾಗುತ್ತದೆ.

ಆದರೆ ಎಲ್ಲ ಗುಂಪಿನಲ್ಲೂ ಹೀಗಾಗದು. ಕಲ್ಯಾಣದ ಲೋಕಲ್ ರೈಲುಗಳಲ್ಲಿ ಬೆಳಗಿನ ಹೊತ್ತು ಡಬ್ಬಿಯ ತಗಡು ಬಡಿದು ಭಜನೆ ಹಾಡುವವರನ್ನು ಕಂಡರೆ ನನಗೆ ಬಹಳ ಪ್ರೀತಿ. ಆದರೂ ಪೆಟ್ಟು ತಿಂದ ಗಂಟಲಿಗೆ ಆ ಜಾಗ ತಕ್ಕುದಲ್ಲ. ತನ್ನ ದನಿ ತನಗೆ ಕೇಳಿಸದಿದ್ದರೆ ಮನುಷ್ಯ ಅರಿವಿಲ್ಲದೆಯೇ ದನಿ ಏರಿಸುತ್ತಾನೆ. ತರಗತಿಯಲ್ಲಿ ನನಗೆ ಆದದ್ದೂ ಅದೇ. ನಮ್ಮ ಮಂಡಳಿ ಅರ್ಧವರ್ತುಲದಲ್ಲಿ ಕೂತು ತಾಳವನ್ನು ಮೆತ್ತಗೆ ಹಾಕುವುದು ಈ ಕಾರಣಕ್ಕೆ.

ಗಂಗೂಬಾಯಿ ಹಾನಗಲ್ ಅವರನ್ನು ನೆನೆಯದೆ ಈ ಮಾತು ಪೂರ್ತಿಯಾಗದು. 1930ರ ದಶಕದಲ್ಲಿ ಅವರು ಮುಂಬಯಿಗೆ ಬಂದು ಕೊಟ್ಟ ಧ್ವನಿಮುದ್ರಿಕೆಗಳಲ್ಲಿ ಇರುವುದು ಸಣ್ಣ, ಎತ್ತರದ ದನಿ. ಗಂಟಲಿನ ಚಿಕಿತ್ಸೆಯ ನಂತರ ಅದು ಭಾರವಾಗಿ, ಗಂಡುದನಿಯಂತಾಯಿತು. ಹೋದದ್ದನ್ನು ಬೆನ್ನಟ್ಟದೆ ಇದ್ದ ದನಿಯಲ್ಲೇ ಅವರು ಕಿರಾಣಾ ಘರಾಣೆಯ, ಅಂದರೆ ಆ ಹಿಂದೂಸ್ತಾನಿ ಗುರುಪರಂಪರೆಯ, ನಿಧಾನಗತಿಯ ವಿಳಂಬಿತ ಖ್ಯಾಲನ್ನು ಕಟ್ಟಿದರು. ಪಕ್ಕದಲ್ಲಿ ಮಗಳು ಕೃಷ್ಣಾ ದಶಕಗಳ ಕಾಲ ಕೂತು ಜೊತೆಗೂಡಿ ಹಾಡಿದರು. ಆ ಜೋಡಿ ಹಾಡುಗಾರಿಕೆಯನ್ನು ನಾನು ಈಗ ಬೇರೆಯೇ ಕಿವಿಯಿಂದ ಕೇಳುತ್ತೇನೆ. ಸುಳೇಭಾವಿಯ ಗಾಯಕ ಕುಮಾರ ಗಂಧರ್ವರೂ, ಇದೇ ಮುಂಬಯಿಯಲ್ಲಿ ಸಂಗೀತಗುರು ದೇವಧರರ ಬಳಿ ಕಲಿತವರು, ಕ್ಷಯದಿಂದ ಹಾಡಲಾಗದೆ ಮಧ್ಯಪ್ರದೇಶದ ದೇವಾಸದಲ್ಲಿ ಮಲಗಿದ್ದ ವರ್ಷಗಳಲ್ಲಿ ಮಾಳವದ ಹಳ್ಳಿಯವರ ಹಾಡುಗಳಿಗೆ ಕಿವಿಗೊಟ್ಟರು; 1953ರಲ್ಲಿ ಮತ್ತೆ ವೇದಿಕೆ ಏರಿದ ಮೇಲೆ ಅವರ ಸಂಗೀತದಲ್ಲಿ ಆ ಹಾಡುಗಳು ಸೇರಿಕೊಂಡವು.

ಈಗ ಮಂಡಳಿಯವರು ಒಂದು ಪದ ಹಾಡುತ್ತಾರೆ. ಶ್ರುತಿ ಬಿಳಿ ನಾಲ್ಕು. ಹಾಡಲಾರೆ ಎನ್ನುವವರಿಗಾಗಿ ತಾಳ ಎರಡು ಜೊತೆ ಹೆಚ್ಚಿಗೆ ತಂದಿದ್ದೇವೆ, ಮುಂದೆ ಬಂದು ಕೂತುಕೊಳ್ಳಿ.